ಅಂಗೈಯಲ್ಲಿ ಬೆಚ್ಚಗಾಗುವ ಕಾಳು

ಬೆಳಗಿನ ಐದೂವರೆ. ನಾಲ್ಕು ಮಹಡಿ ಎತ್ತರದ ಕಬ್ಬಿಣದ ಅಟ್ಟದ ಮೇಲೆ, ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದ ಗುಡಾರದೊಳಗೆ, ಐವತ್ತೇಳರ ಹೆಂಗಸೊಬ್ಬಳು ಬಲಗೈಯ ಗವಸನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಾಳೆ. ಎದುರಿಗೆ ಎದೆಯೆತ್ತರದ ನೀಲಿ ಡ್ರಮ್. ಮುಚ್ಚಳ ತೆಗೆದು, ಒಳಚೀಲದ ಗಂಟು ಸಡಿಲಿಸಿ, ಒಂದು ಹಿಡಿ ಬಿಳಿ ಕಾಳು ಎತ್ತಿಕೊಂಡು, ಚೀಲವನ್ನು ಮತ್ತೆ ತಿರುಚಿ ಮುಚ್ಚುತ್ತಾಳೆ. ಗೋಧಿಗಿಂತ ತುಸು ದಪ್ಪನೆಯ, ಸೀಮೆಸುಣ್ಣದ ಚೂರಿನಂಥ ಕಾಳು. ಗುಡಾರದೊಳಗೆ ನೀರು ತರುವಂತಿಲ್ಲ. ಆದ್ದರಿಂದ ಎರಡು ಹೆಜ್ಜೆ ಆಚೆ ನಡೆದು, ಅಲ್ಲಿಟ್ಟ ಬಾಟಲಿಯಿಂದ ಅಂಗೈಗೆ ನಾಲ್ಕು ಹನಿ ಬಿಟ್ಟು ಮುಷ್ಟಿ ಮುಚ್ಚುತ್ತಾಳೆ. ಕಣ್ಣೂ ಮುಚ್ಚುತ್ತಾಳೆ. ಮುಷ್ಟಿಯೊಳಗೆ ಚುಯ್ಯೆಂಬ ಸಣ್ಣ ಸದ್ದು.

"ಬಂತಾ?" ಎಂದು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಂತವಳು ಕೇಳುತ್ತಾಳೆ.

"ತಡಿಯೇ. ಹೆರಿಗೆ ಕೋಣೆ ಮುಂದೆ ನಿಂತ ಗಂಡನ ಥರ ಆಡ್ಬೇಡ."

ಹತ್ತು ಎಣಿಸುವಷ್ಟು ಹೊತ್ತು ಹೋಗುತ್ತದೆ. ಆಮೇಲೆ ಅವಳ ಮುಖ ಸಡಿಲವಾಗುತ್ತದೆ.

"ಬಂತು. ಕೋಳಿಮರಿ ಹಿಡ್ಕೊಂಡ ಹಾಗಿದೆ. ಸುರಿ ಇನ್ನು."

ಇವಳು ಕಾಳಕ್ಕ. ದಾಖಲೆಗಳಲ್ಲಿ ಇರುವ ಹೆಸರು ಅವಳಿಗೂ ಸಹಿ ಹಾಕುವಾಗ ಮಾತ್ರ ನೆನಪಾಗುತ್ತದೆ. ಗೇಟಿನ ಕಾವಲುಗಾರನಿಂದ ಹಿಡಿದು ಇಂಜಿನಿಯರ್‌ವರೆಗೆ ಎಲ್ಲರಿಗೂ ಅವಳು ಕಾಳಕ್ಕನೇ. ನೋಟ್‌ಬುಕ್ ಹಿಡಿದವಳು ಹದಿಮೂರು ವರ್ಷದಿಂದ ಅವಳ ಜೊತೆಗಾತಿ. ಬಾಯಿಗೆ ಬಿಡುವಿಲ್ಲದ ಕಾರಣ ಅವಳ ಹೆಸರು ವಟವಟ. ಇಬ್ಬರ ಹೆಸರೂ ಕಾರ್ಖಾನೆಯ ಪಟ್ಟಿಯಲ್ಲಿಲ್ಲ. ಗೇಟಿನ ಪುಸ್ತಕದಲ್ಲಿ ಸಿಬ್ಬಂದಿಗೆ ಒಂದು ಕಾಲಂ, ಅತಿಥಿಗಳಿಗೆ ಒಂದು, ವಾಹನಗಳಿಗೆ ಒಂದು. ಇವರನ್ನು ಬರೆದುಕೊಳ್ಳುವುದು ಕೊನೆಯ ಕಾಲಮ್ಮಿನಲ್ಲಿ. ಅದರ ತಲೆಬರಹ 'ಇತರೆ'. ನೀರಿನ ಟ್ಯಾಂಕರನ್ನು ಬರೆದುಕೊಳ್ಳುವುದೂ ಅದರಲ್ಲೇ.

ಈ ಕಾಳಿಗೆ ಓದಿದವರು ಇಟ್ಟ ಹೆಸರು ಜಿಯೋಲೈಟ್. ಇದರ ಕೆಲಸ ಇಷ್ಟು: ಕಣ್ಣುರಿಸುವ ಅಮೋನಿಯಾವನ್ನೂ ಸ್ಪಿರಿಟ್ಟಿನಂಥ ಮೆಥನಾಲನ್ನೂ ಕಾಯಿಸಿ ಆವಿ ಮಾಡಿ, ಕಾಳು ತುಂಬಿದ ಉಕ್ಕಿನ ಕೊಳವೆಗಳಲ್ಲಿ ಹಾಯಿಸಿದರೆ ಅಮೈನ್ ಎಂಬ ಸರಕು ಹುಟ್ಟುತ್ತದೆ. ಒಂದು ಬಸಿರಿಗೆ ಮೂರು ಮಕ್ಕಳು. ಮಾನೋ, ಡೈ, ಟ್ರೈ. ಪೇಟೆಗೆ ಬೇಕಾದದ್ದು ನಡುವಿನ ಡೈ. ಅದು ಹೋಗದ ಕಡೆಯಿಲ್ಲ, ಸಕ್ಕರೆ ಕಾಯಿಲೆಯವರು ಊಟದ ಜೊತೆ ನುಂಗುವ ಒಂದು ಮಾತ್ರೆಯ ಮೂಲದಲ್ಲೂ ಅದೇ ಇದೆ. ಕೊನೆಯ ಟ್ರೈ ಮಾತ್ರ ಯಾರಿಗೂ ಅಷ್ಟು ಬೇಡವಾದ ಮಗು. ಅದರ ವಾಸನೆ ಮೂರು ದಿನ ಬಿಸಿಲಲ್ಲಿಟ್ಟ ಮೀನಿನದು. ಹಳೆಯ ಕಾಲದ ಕಾಳಿನಲ್ಲಿ ನೂರಕ್ಕೆ ಅರವತ್ತು ಪಾಲು ಹುಟ್ಟುತ್ತಿದ್ದದ್ದು ಅದೇ. ಹದಿಮೂರು ವರ್ಷದ ಹಿಂದೆ ಜಿಯೋಲೈಟ್ ಬಂದ ಮೇಲೆ ನೂರಕ್ಕೆ ಐದೋ ಆರೋ.

ಹೇಗೆ ಎಂದು ಕೇಳಿದರೆ ಇಂಜಿನಿಯರ್ ಪರದೆ ಇಳಿಸಿ ಅರ್ಧ ಗಂಟೆ ಹೇಳುತ್ತಾನೆ. ಕಾಳಕ್ಕನಿಗೆ ಸೊಂಟದ ಮೇಲೆ ಕೈಯಿಡುವಷ್ಟು ಹೊತ್ತು ಸಾಕು.

"ಹಿಂದಿನ ಗೇಟಲ್ಲಿ ತಿರುಗೋ ಕಂಬಿ ಇದೆಯಲ್ಲ, ಒಬ್ಬೊಬ್ರೇ ನುಗ್ಗೋದು? ಒಂದು ಚೀಲ ಹಿಡ್ಕೊಂಡವ ಆರಾಮಾಗಿ ಹೋಗ್ತಾನೆ. ಎರಡು ಕೈಲಿ ಎರಡು ಚೀಲ ಇದ್ರೆ ಸ್ವಲ್ಪ ಸೊಂಟ ತಿರುಗಿಸಿ ಹೋಗ್ತಾನೆ. ಬಗಲಲ್ಲಿ ಮೂರನೇದೊಂದು ಸಿಗಿಸ್ಕೊಂಡ ಆಸೆಬುರುಕ ಸಿಕ್ಕಾಕ್ಕೊತಾನೆ. ಒಂದನ್ನ ಒಳಗೇ ಇಳಿಸಿದ್ರೇನೇ ಹೊರಗೆ ದಾರಿ. ಈ ಕಾಳಿನ ಮೈ ತುಂಬ ಅಂಥ ಗೇಟು. ಕಣ್ಣಿಗೆ ಕಾಣಲ್ಲ, ಆದ್ರೆ ಎಲ್ಲಾ ಒಂದೇ ಅಳತೆ. ಎರಡು ಚೀಲದ ಡೈಯನ್ನ ಬಿಡುತ್ತೆ, ಮೂರು ಚೀಲದ ಟ್ರೈಯನ್ನ ಬಿಡಲ್ಲ."

ತರಬೇತಿ ಕೊಠಡಿಯ ಪರದೆಯ ಮೇಲೆ ಈಗ ಇದೇ ಚಿತ್ರ ಬರುತ್ತದೆ: ತಿರುಗುವ ಕಂಬಿ, ಚೀಲ ಹೊತ್ತ ಮೂವರು. ಹೊಸದಾಗಿ ಬಂದ ಪದವೀಧರರು ಬರೆದುಕೊಳ್ಳುತ್ತಾರೆ. ಕೆಳಗೆ ಯಾರ ಹೆಸರೂ ಇಲ್ಲ. ಚಿತ್ರ ಯಾರ ಬಾಯಿಂದ ಹುಟ್ಟಿತೋ ಅವಳಿಗೆ ಆ ಕೊಠಡಿಯೊಳಗೆ ಹೋಗಲು ಚೀಟಿ ಬೇಕು. ಹೋದದ್ದೂ ಒಂದೇ ಸಲ, ನೆಲ ಒರೆಸಲು.

ಕಾಳು ಎಷ್ಟು ಒಳ್ಳೆಯದೋ ಅಷ್ಟೇ ಮುನಿಸಿನದು. ತೇವ ಕಂಡರೆ ಸಾಕು, ಹೀರಿಕೊಂಡು ಕೂತುಬಿಡುತ್ತದೆ. ಒಣಗಿದ ಕಾಳು ನೀರು ಕುಡಿಯುವಾಗ ಬಿಸಿಯಾಗುತ್ತದೆ. ಮೊದಲೇ ಕುಡಿದದ್ದು ತಣ್ಣಗೆ ಬಿದ್ದಿರುತ್ತದೆ. ಅಂಗೈ ಪರೀಕ್ಷೆ ಇದಕ್ಕೇ. ಯಾವ ಪುಸ್ತಕದಲ್ಲೂ ಇದನ್ನು ಬರೆದಿಲ್ಲ. ಬರಿಗೈಯಲ್ಲಿ ಮುಟ್ಟಬಾರದೆಂದು ಡ್ರಮ್ಮಿನ ಮೇಲೇ ಅಂಟಿಸಿದ್ದಾರೆ. ಆದರೂ ಕಾಳಕ್ಕ ತಲೆಯಾಡಿಸದೆ ಒಂದು ಡ್ರಮ್ಮೂ ಖಾಲಿಯಾಗುವುದಿಲ್ಲ. ಆ ಬಲ ಅಂಗೈಯನ್ನು ಒಮ್ಮೆ ನೋಡಬೇಕು. ಕಾಳು ಚರ್ಮದ ಪಸೆಯನ್ನೂ ಬಿಟ್ಟಿಲ್ಲ. ಹಳೆಯ ಸೋಪಿನ ಬಿಲ್ಲೆಯ ಹಾಗೆ ಉದ್ದುದ್ದ ಸೀಳಿದೆ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನನಗೆ ಅಂಗೈನೇ ಕನ್ನಡಿ," ಎಂದು ನಗುತ್ತಾಳೆ.

ಲೆಕ್ಕ ಹೀಗಿದೆ. ಕೊಳವೆಗಳು ಸಾವಿರದ ನೂರ ನಲವತ್ತು, ಒಂದೊಂದೂ ಎರಡಾಳುದ್ದ. ಡ್ರಮ್ಮುಗಳು ಹತ್ತೊಂಬತ್ತು. ಮೂರು ಜೋಡಿ ಹೆಂಗಸರು, ಮೂರು ದಿನ. ಕಾಳನ್ನು ಜರಡಿ ಹಿಡಿದು ಪುಡಿ ಕಳೆದು, ಅಳತೆಯ ಡಬ್ಬಿಯಿಂದ ಆಲಿಕೆಯ ಮೂಲಕ ಒಂದೊಂದು ಕೊಳವೆಗೂ ಸುರಿಯಬೇಕು. ಅವಸರ ಮಾಡಿದರೆ ಕಾಳು ನಡುದಾರಿಯಲ್ಲಿ ಒಂದಕ್ಕೊಂದು ಹೆಗಲು ಕೊಟ್ಟು ನಿಂತು ಕೆಳಗೆ ಪೊಳ್ಳು ಉಳಿಯುತ್ತದೆ. ಕೊಡ ತುಂಬುವಾಗ ಸದ್ದು ಹೇಗೆ ಏರುತ್ತದೋ ಹಾಗೆ ಕೊಳವೆಯ ಸದ್ದೂ ಏರಬೇಕು. ಒಂದು ಕೊಳವೆಗೆ ಮೂರು ನಿಮಿಷ, ಒಂದು ಜೋಡಿಗೆ ದಿನಕ್ಕೆ ನೂರ ಇಪ್ಪತ್ತೇಳು ಕೊಳವೆ, ಅಷ್ಟೂ ಹೊತ್ತು ಕುಕ್ಕರುಗಾಲಲ್ಲಿ. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಕಾದು ಮೈ ಬೆವರುತ್ತದೆ, ಒಂದು ಹನಿ ಬೆವರೂ ಕಾಳಿಗೆ ಬೀಳಕೂಡದು. ಅದಕ್ಕೇ ನಸುಕಿನಲ್ಲೇ ಶುರು, ಅದಕ್ಕೇ ಎಲ್ಲರ ಮುಂಗೈಗೂ ಬಟ್ಟೆಯ ಪಟ್ಟಿ. ಇಷ್ಟೆಲ್ಲ ಮಾಡಿ ತುಂಬಿದ ಕಾಳು ಮೂರು ನಾಲ್ಕು ವರ್ಷ ಬಾಳುತ್ತದೆ. ಉಳಿದ ದಿನಗಳಲ್ಲಿ ಕಾಳಕ್ಕ ಅದೇ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಾಳೆ, ಅಂಗಳ ಗುಡಿಸುತ್ತಾಳೆ.

ಅವಳ ಗಂಡನೂ ಅಲ್ಲೇ. ಅವನು ಮಾತ್ರ ಕಾಯಂ ನೌಕರ. ಹುಟ್ಟಿದ ಮೂರು ಮಕ್ಕಳನ್ನು ಬೇರೆ ಬೇರೆ ಮಾಡುವ ಎತ್ತರದ ಗೋಪುರಗಳ ಕಾವಲು ಅವನದು, ಮೂವತ್ತೊಂದು ವರ್ಷದಿಂದ. ಹಳೆಯ ಕಾಳಿನ ಕಾಲದಲ್ಲಿ ಆ ಗೋಪುರಗಳ ತುಂಬ ಟ್ರೈ. ಪ್ರತಿ ಕೀಲಿನಲ್ಲೂ ಇಷ್ಟಿಷ್ಟು ಒಸರು. ಅದು ಅಂಗಿಗೆ, ಕೂದಲಿಗೆ, ಉಗುರಿನ ಸಂದಿಗೆ ಹತ್ತಿ ಮನೆಗೆ ಬರುತ್ತಿತ್ತು. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ. ಜನ್ಮದಲ್ಲಿ ಗಾಳ ಹಿಡಿಯದವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಮೀನಪ್ಪ.

ಅವನಿಗೆ ಮಾತ್ರ ಆ ವಾಸನೆ ಗೊತ್ತಾಗುವುದಿಲ್ಲ. ಅಮೋನಿಯಾ ಅವನ ಮೂಗನ್ನು ಎಂದೋ ತಿಂದು ಮುಗಿಸಿದೆ. ಸುಟ್ಟ ಅನ್ನವೂ ಒಂದೇ, ಹೊಸ ಸೋಪೂ ಒಂದೇ. ಹಾಗಾಗಿ ಆ ಮನೆಯಲ್ಲೊಂದು ಪದ್ಧತಿ ಬೆಳೆದುಬಂದಿದೆ. ಪಾಳಿ ಮುಗಿಸಿ ಬಂದವನು ಹೊಸ್ತಿಲ ಆಚೆ ನಿಲ್ಲುತ್ತಾನೆ. ಕಾಳಕ್ಕ ಬಂದು ಅವನ ಕಾಲರಿನ ಹತ್ತಿರ ಮೂಗು ತಂದು ಉಸಿರೆಳೆಯುತ್ತಾಳೆ. 'ಬಾ' ಎಂದರೆ ಒಳಗೆ. 'ಸ್ನಾನ' ಎಂದರೆ ಹಿತ್ತಲಿನ ನಲ್ಲಿಗೆ. ಮೊದಲ ಹದಿನೆಂಟು ವರ್ಷ ಅವನು 'ಬಾ' ಎಂಬ ಮಾತನ್ನು ಕೇಳಿದ್ದು ರಜೆಯ ದಿನಗಳಲ್ಲಿ ಮಾತ್ರ.

"ಮೂಗು ಮುರಿಯೋರು ಊರೆಲ್ಲಾ ಇದ್ರು. ನಾನೂ ಮುರಿದ್ರೆ ಅವರು ಎಲ್ಲಿಗೆ ಹೋಗ್ಬೇಕು?" ಎನ್ನುತ್ತಾಳೆ ಕಾಳಕ್ಕ. "ಆದ್ರೆ ಮಗಳು ಸಣ್ಣವಳು. ಅಪ್ಪ ಅಂತ ಓಡ್ಬರೋಳು, ಹತ್ರ ಬಂದ ಕೂಡ್ಲೇ ಮೂಗು ಹಿಡ್ಕೊಂಡು ವಾಪಸ್ ಓಡೋಳು. ಅವಳು ಅಪ್ಪನ ತೊಡೆ ಮೇಲೆ ಕೂತಿದ್ದನ್ನ ನಾನು ನೋಡ್ಲೇ ಇಲ್ಲ. ಮಗು ತಪ್ಪಲ್ಲ ಅದು. ಅವರ ತಪ್ಪೂ ಅಲ್ಲ."

ಹೊಸ ಕಾಳು ಬರುತ್ತದೆ, ಅದರಿಂದ ವಾಸನೆ ಕಡಿಮೆಯಾಗುತ್ತದೆ ಎಂದು ಗಂಡ ಒಂದು ದಿನ ಹೇಳಿದಾಗ ಅವಳು ಬೇರೆ ಕಡೆಯ ಕೆಲಸ ಬಿಟ್ಟು ಗುತ್ತಿಗೆದಾರನ ಮುಂದೆ ಹೋಗಿ ನಿಂತಳು. ತುಂಬೋಕೆ ಹೆಂಗಸರು ಬೇಕಂತಲ್ಲ, ನಾನು ಬರ್ತೀನಿ ಎಂದಳು. ಅಂಗೈ ಪರೀಕ್ಷೆ ಅವಳಿಗೆ ಸಿಕ್ಕಿದ್ದು ಆ ಮೊದಲ ಸಲವೇ, ಗವಸು ಹರಿದು ಬೆವರಿದ ಕೈಗೆ ಕಾಳು ತಾಗಿ ಚುರುಕ್ಕೆಂದಾಗ.

ಐದು ವರ್ಷದ ಹಿಂದಿನ ಕಥೆಯನ್ನು ಆ ಮನೆಯಲ್ಲಿ ಯಾರೂ ಮರೆತಿಲ್ಲ. ಆ ಸಲ ಮಳೆಯ ಮೋಡ ಕವಿದಿತ್ತು. ಗುತ್ತಿಗೆದಾರ ಕೆಲಸ ಬೇಗ ಮುಗಿಯಲೆಂದು ಎಲ್ಲ ಡ್ರಮ್ಮುಗಳ ಮುಚ್ಚಳವನ್ನೂ ಒಟ್ಟಿಗೇ ತೆಗೆಸಿದ. ಕಾಳಕ್ಕ ಬೇಡವೆಂದಳು. ಬಾಯಿ ಮುಚ್ಚು ಎಂದ, ಮುಚ್ಚಿದಳು. ತೇವ ಕುಡಿದ ಕಾಳು ಕೊಳವೆಯಲ್ಲಿ ಕಾದಾಗ ಒಳಗಿನ ನೀರು ಹಬೆಯಾಗಿ ಸಿಡಿಯಿತು. ಕಾಳು ಬಿರಿದು ಪುಡಿಯಾಯಿತು, ಒಳಗಿನ ಗೇಟುಗಳು ಕುಸಿದವು. ನಾಲ್ಕು ವರ್ಷ ಬಾಳಬೇಕಾದದ್ದು ಏಳು ತಿಂಗಳಿಗೆ ಸತ್ತಿತು. ಮೀನಿನ ವಾಸನೆ ಮರಳಿತು. ಮಗಳು ಆಗ ಬಸುರಿ, ಚೊಚ್ಚಲು. ಅಮ್ಮನ ಕೈ ಊಟಕ್ಕೆಂದು ಬಂದವಳು ಎರಡನೆಯ ದಿನವೇ ಬಾಯಿಗೆ ಸೆರಗು ಒತ್ತಿಕೊಂಡು ಗಂಡನ ಮನೆಗೆ ಹಿಂತಿರುಗಿದಳು. ಅಪ್ಪ ಬೀದಿಯ ತುದಿಯಲ್ಲಿ, ಗಾಳಿ ಆಚೆ ಬೀಸುವ ಮಗ್ಗುಲಿಗೆ ನಿಂತು, ಅಲ್ಲಿಂದಲೇ ಕೈ ಬೀಸಿದ. ತನಿಖೆ ನಡೆಯಿತು, ವರದಿ ಬಂತು, ಹವಾಮಾನದ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚಿದರು. ಮೋಡ ಬಂದು ಉತ್ತರ ಕೊಡುವುದಿಲ್ಲವಲ್ಲ.

ಮತ್ತೆ ಹೊಸ ಕಾಳು ತುಂಬಿದರು. ಹೀಗಾಗಿ ಈಗಿನದು ಕಾಳಕ್ಕನ ಐದನೆಯ ತುಂಬುವಿಕೆ. ಮೊಮ್ಮಗಳಿಗೆ ನಾಲ್ಕು ವರ್ಷ. ಮಗಳು ಕೆಲಸಕ್ಕೆ ಹೋಗುವಾಗ ಮಗುವನ್ನು ಇಲ್ಲೇ ಬಿಡುತ್ತಾಳೆ. ಆ ಮಗುವಿಗೆ ತಾತನ ತೊಡೆಯೇ ಕುರ್ಚಿ, ತಾತನ ಎದೆಯೇ ಹಾಸಿಗೆ. ಅವನ ಅಂಗಿಯಲ್ಲಿ ಮೂಗು ಹುದುಗಿಸಿ ನಿದ್ದೆ ಮಾಡುತ್ತದೆ. ಕಾಳು ಈ ಸಲ ಕೈಕೊಟ್ಟರೆ ಆ ಮೂಗು ಎತ್ತ ತಿರುಗುತ್ತದೆ ಎಂಬುದು ಕಾಳಕ್ಕನಿಗೆ ಗೊತ್ತು. ಒಂದು ಮಗುವಿನಲ್ಲಿ ನೋಡಿದ್ದಾಳೆ.

ಎರಡನೆಯ ದಿನ, ಒಂಬತ್ತರ ಸುಮಾರು. ಒಂಬತ್ತನೆಯ ಡ್ರಮ್ ಅರ್ಧ ಖಾಲಿಯಾಗಿದೆ. ಕಾಳಕ್ಕ ಜರಡಿ ಆಡಿಸುತ್ತಿದ್ದಾಳೆ. ಎಡ ಮುಂಗೈಯ ಪಟ್ಟಿ ತುಸು ಜಾರಿದೆ. ಜರಡಿಯಿಂದ ಪುಟಿದ ನಾಲ್ಕೈದು ಕಾಳು ಬೆವರಿದ ಮುಂಗೈಗೆ ಅಂಟಿಕೊಳ್ಳುತ್ತವೆ. ಇರುವೆ ಕಚ್ಚಿದಂತೆ ಚುರುಕ್ಕೆನ್ನಬೇಕಿತ್ತು.

ಏನೂ ಇಲ್ಲ. ತಣ್ಣಗಿವೆ.

ಜರಡಿ ನಿಲ್ಲುತ್ತದೆ. ಅವಳು ಎದ್ದು ಆಚೆ ಹೋಗಿ ಅಂಗೈಗೆ ನೀರು ಬಿಟ್ಟು ಒಂದು ಹಿಡಿ ಕಾಳು ಅದುಮುತ್ತಾಳೆ. ಹತ್ತು ಎಣಿಸುತ್ತಾಳೆ. ಇಪ್ಪತ್ತು. ಐವತ್ತು.

"ಏನಾಯ್ತೇ?" ಎನ್ನುತ್ತಾಳೆ ವಟವಟ.

"ಇದು ಸತ್ತಿದೆ."

"ಬೆಳಿಗ್ಗೆ ನೋಡಿದ್ಯಲ್ಲ?"

"ಇದೊಂದನ್ನ ನೋಡ್ಲಿಲ್ಲ."

ಯಾಕೆ ನೋಡಲಿಲ್ಲ ಎಂಬುದು ಅವಳಿಗೆ ಆ ಕ್ಷಣವೇ ಹೊಳೆಯುತ್ತದೆ. ತುಂಬುವ ಕೆಲಸ ಶುರುವಾಗುವ ಮೂರು ದಿನ ಮೊದಲು ಡ್ರಮ್ಮುಗಳು ಬಂದಿಳಿದಾಗ ಇದೊಂದರ ಹೊಟ್ಟೆ ನೆಗ್ಗಿತ್ತು. ಒಳಗೇನಾದರೂ ಆಗಿದೆಯೋ ಎಂದು ಅನುಮಾನದಿಂದ ತೆರೆದು ಅಂಗೈ ಪರೀಕ್ಷೆ ಮಾಡಿದ್ದಳು. ಚೆನ್ನಾಗಿ ಬೆಚ್ಚಗಾಗಿತ್ತು. ಮುಚ್ಚಿಟ್ಟಿದ್ದಳು. ಪರೀಕ್ಷೆ ಆದದ್ದಲ್ಲವೇ ಎಂದು ಇವತ್ತು ಇದನ್ನು ಬಿಟ್ಟಳು. ಈಗ ಬಗ್ಗಿ ನೋಡಿದರೆ ಒಳಚೀಲದ ಬಾಯಿಗೆ ಅಂದು ಗಂಟು ಬಿದ್ದಿರಲೇ ಇಲ್ಲ, ಅದರ ಒಂದು ಮಡಿಕೆ ಮುಚ್ಚಳದ ಅಂಚಿಗೆ ಸಿಕ್ಕು ನಲುಗಿದ ಗುರುತಿದೆ. ಬೆರಳು ತೂರುವಷ್ಟು ಸಂದು. ನಾಲ್ಕು ರಾತ್ರಿಯ ಮಂಜು ಅದರಲ್ಲಿ ಇಳಿದಿದೆ. ಕಾಳು ಒಣಗಿದೆಯೇ ಎಂದು ನೋಡಲು ಹೋದ ಕೈಯೇ ಅದಕ್ಕೆ ನೀರು ಕುಡಿಸಿದೆ.

ಎರಡು ಡ್ರಮ್ಮಿನಷ್ಟು ದೂರದಲ್ಲಿ ಇಂಜಿನಿಯರ್ ಫೋನಿನಲ್ಲಿ ಮಾತಾಡುತ್ತಿದ್ದಾನೆ. ಗುತ್ತಿಗೆದಾರ ಕೆಳಗಿದ್ದಾನೆ. ಅಂಗೈಯಲ್ಲಿ ಏನಾಯಿತು ಎಂಬುದು ಇಬ್ಬರು ಹೆಂಗಸರಿಗೆ ಬಿಟ್ಟು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ.

ವಟವಟ ಜೀವನದಲ್ಲಿ ಮೊದಲ ಸಲ ಪಿಸುಮಾತಾಡುತ್ತಾಳೆ. "ಎಷ್ಟು ಹೋಗಿದೆ ಇದ್ರಿಂದ?"

"ನಿನ್ನ ಪುಸ್ತಕ ನೋಡು."

"ಮೂವತ್ತೊಂದು." ಪುಸ್ತಕ ಮುಚ್ಚಿ, "ಸಾವಿರದ ಮೇಲೆ ನೂರ ನಲವತ್ತರಲ್ಲಿ ಮೂವತ್ತೊಂದು ಕಣೇ. ಸಮುದ್ರಕ್ಕೆ ಉಗುಳಿದ ಹಾಗೆ. ಉಳಿದಿದ್ದನ್ನ ಬದಿಗಿಟ್ಟು ಸುಮ್ನಿರೋಣ. ನಿನ್ನನ್ನ ಕಿತ್ತಾಕ್ತಾನೆ ಅವನು."

"ಆವಿ ಸುಲಭದ ದಾರಿ ಹುಡ್ಕುತ್ತೆ. ಅಲ್ಲಿ ಪುಡಿ ಆಗಿ ಕಟ್ಕೊಂಡ್ರೆ ಪಕ್ಕದ ಕೊಳವೆಗೆ ಭಾರ. ಅದು ಸುಟ್ಟರೆ ಅದರ ಪಕ್ಕದ್ದಕ್ಕೆ."

"ವರ್ಷ ಆಗುತ್ತೆ ಅದಕ್ಕೆ. ಯಾರಿಗೆ ಗೊತ್ತಾಗುತ್ತೆ?"

ಕಾಳಕ್ಕ ಅಂಗೈ ಬಿಚ್ಚಿ ನೋಡುತ್ತಾಳೆ. ತಣ್ಣನೆಯ ಬಿಳಿ ಕಾಳು, ಸೀಳಿದ ಚರ್ಮ.

"ಆ ಮಗೂಗೆ ಗೊತ್ತಾಗುತ್ತೆ," ಎನ್ನುತ್ತಾಳೆ. ಎದ್ದು ಹೋಗಿ ಇಂಜಿನಿಯರನ ಮುಂದೆ ನಿಲ್ಲುತ್ತಾಳೆ. "ಸರ್, ಫೋನ್ ಇಡಿ. ಒಂಬತ್ತನೇ ಡ್ರಮ್ಮು ತೇವ ಕುಡಿದಿದೆ. ಮೂವತ್ತೊಂದು ಕೊಳವೆ ಖಾಲಿ ಮಾಡಿಸ್ಬೇಕು. ಮುಚ್ಚಳ ಸರಿಯಾಗಿ ಹಾಕದೇ ಇದ್ದೋಳು ನಾನೇ."

ಹತ್ತು ನಿಮಿಷದಲ್ಲಿ ಗುತ್ತಿಗೆದಾರ ಏದುಸಿರು ಬಿಡುತ್ತ ಮೇಲೆ ಬರುತ್ತಾನೆ. ಬಂದವನೇ ಕೂಗಾಡುತ್ತಾನೆ. ಒಂದು ದಿನ ಹಾಳು, ಹೆಸರು ಹಾಳು, ಕಣ್ಣು ನೆತ್ತಿ ಮೇಲಿತ್ತಾ, ಮುದುಕಿಯರನ್ನ ಮೇಲೆ ಹತ್ತಿಸಿದ್ದು ನನ್ನ ತಪ್ಪು. ಐದು ವರ್ಷದ ಹಿಂದೆ ಹತ್ತೊಂಬತ್ತು ಡ್ರಮ್ಮಿನ ಮುಚ್ಚಳ ತೆಗೆಸಿದವನು ಇವನೇ. ಅವನ ಪಾಲಿಗೆ ಮೋಡ ಇತ್ತು. ಒಂದು ಚೀಲದ ಮಡಿಕೆ ಸಿಕ್ಕಿಸಿದವಳಿಗೆ ಮೋಡವೂ ಇಲ್ಲ. ಇಂಜಿನಿಯರ್ ಆ ಕೂಗಾಟದುದ್ದಕ್ಕೂ ಕೊಳವೆಗಳ ಕಡೆಗೇ ನೋಡುತ್ತಾನೆ. ಖಾಲಿ ಮಾಡಲು ಆದೇಶ ಕೊಟ್ಟವನು ಅವನು, ಅಷ್ಟು ಒಳ್ಳೆಯತನ ಅವನಲ್ಲಿದೆ. ಬಾಯಿ ತೆರೆಯುವಷ್ಟು ಇಲ್ಲ.

"ಕೆಳಗಿಳಿ. ನಾಳೆಯಿಂದ ಗೇಟಿನ ಹತ್ರ ಕಾಣಿಸ್ಕೋಬೇಡ," ಎನ್ನುತ್ತಾನೆ ಗುತ್ತಿಗೆದಾರ.

"ಆ ಮೂವತ್ತೊಂದನ್ನ ಹೀರಿ ತೆಗೆಯೋವರೆಗೂ ಇರ್ತೀನಿ. ಆಮೇಲೆ ಇಳೀತೀನಿ."

ದಪ್ಪ ಪೈಪಿನ ಹೀರುಯಂತ್ರ ತರಿಸಿ ಕೊಳವೆಗಳನ್ನು ಒಂದೊಂದಾಗಿ ಬರಿದು ಮಾಡುತ್ತಾರೆ. ಸಂಜೆ ನಾಲ್ಕಾಗುತ್ತದೆ. ಕೊನೆಯ ಕೊಳವೆಗೆ ಟಾರ್ಚ್ ಬಿಟ್ಟು ತಳ ಕಂಡ ಮೇಲೆ ಅವಳು ಮುಂಗೈಯ ಪಟ್ಟಿ ಬಿಚ್ಚಿ ಮಡಚಿ ವಟವಟಳ ಕೈಗಿಟ್ಟು ಮೆಟ್ಟಿಲಿಳಿಯುತ್ತಾಳೆ.

ಮೂರನೆಯ ದಿನ ಐದೂವರೆಗೆ ಕಾಳಕ್ಕ ಹಿಂದಿನ ಗೇಟಿನಲ್ಲಿದ್ದಾಳೆ. ಆಚೆ ಕಡೆ. ಒಳಗೆ ಬಿಡುವುದಿಲ್ಲ ಎಂಬುದು ಗೊತ್ತೇ ಇದೆ. ಕಾವಲುಗಾರ ಮುಖ ತಗ್ಗಿಸಿ ಹೇಳುತ್ತಾನೆ, "ನನ್ನ ಕೈಲಿಲ್ಲ ಅಕ್ಕ."

"ನಿನ್ನನ್ನ ಏನೂ ಕೇಳಿಲ್ಲಪ್ಪ. ರಸ್ತೆಯಲ್ಲಿ ನಿಂತಿದ್ದೀನಿ. ರಸ್ತೆ ಯಾರಪ್ಪಂದು?"

ಸ್ವಲ್ಪ ಹೊತ್ತಿಗೆ ವಟವಟ ನಾಲ್ಕು ಮಹಡಿ ಇಳಿದು ಓಡಿಬರುತ್ತಾಳೆ. ಕೈಯಲ್ಲಿ ತನ್ನ ಊಟದ ಡಬ್ಬಿ, ಮುಚ್ಚಳ ಬಿಗಿಯಾಗಿದೆ. ಒಳಗೆ ಊಟವಿಲ್ಲ. ಆಗಷ್ಟೇ ತೆರೆದ ಡ್ರಮ್ಮಿನ ಒಂದು ಹಿಡಿ ಕಾಳಿದೆ.

"ಮೇಲೆ ಯಾರೂ ಸುರೀತಿಲ್ಲ. ನೀನು ಹೂಂ ಅನ್ನೋವರೆಗೂ ಜರಡಿ ತಿರುಗಲ್ಲ ಅಂತ ಕೂತಿದ್ದಾರೆ," ಎಂದು ಉಸಿರು ಸೆಳೆದುಕೊಳ್ಳುತ್ತಾಳೆ. "ಬೇಗ ಹಿಡಿ, ಮೊಣಕಾಲು ಹೋಯ್ತು ನನ್ನದು."

ಕಾಳಕ್ಕ ಕಂಬಿಗಳ ನಡುವೆ ಕೈ ತೂರಿಸುತ್ತಾಳೆ. ನೀರು, ಮುಷ್ಟಿ, ಮುಚ್ಚಿದ ಕಣ್ಣು. "ಬಂತು. ಓಡು."

ಉಳಿದದ್ದು ಆರು ಡ್ರಮ್ಮು. ಒಂಬತ್ತನೆಯದರ ಬದಲಿಗೆ ಉಗ್ರಾಣದಿಂದ ತರಿಸಿದ್ದು ಒಂದು. ಅವತ್ತು ವಟವಟ ಏಳು ಸಲ ಇಳಿದು ಏಳು ಸಲ ಹತ್ತುತ್ತಾಳೆ. ಮೂರನೆಯ ಸಲ ಕಾಳಕ್ಕ ಅರ್ಧ ಹಿಡಿ ಕಾಳನ್ನು ಅವಳ ಅಂಗೈಗೇ ಹಾಕುತ್ತಾಳೆ.

"ನೀನೂ ನೋಡು. ನನ್ನ ಕೈ ಎಷ್ಟು ದಿನ?"

"ನನಗೇನೂ ಗೊತ್ತಾಗ್ತಿಲ್ಲ ಕಣೇ."

"ಬಾಯಿ ಮುಚ್ಚಿದ್ರೆ ಗೊತ್ತಾಗುತ್ತೆ."

ಐದನೆಯ ಸಲ ವಟವಟ ಹುಬ್ಬು ಗಂಟಿಕ್ಕುತ್ತಾಳೆ. ಏಳನೆಯ ಸಲ, ಕಾಳಕ್ಕ ಏನೂ ಹೇಳುವ ಮೊದಲೇ, ಅವಳ ಬಾಯಿಂದ ಬಂದುಬಿಡುತ್ತದೆ: "ಬಂತು! ಅಯ್ಯೋ, ಇದು ಉಸಿರಾಡ್ತಿದೆ ಕಣೇ!"

ಎರಡನೆಯ ಮಹಡಿಯ ಕಟಕಟೆಗೆ ಒರಗಿ ಇಂಜಿನಿಯರ್ ಇದನ್ನೆಲ್ಲ ನೋಡುತ್ತಿದ್ದಾನೆ. ಗುತ್ತಿಗೆದಾರ ಆ ಕಡೆ ಬರುವಾಗ ಅವನ ಹೆಗಲ ಮೇಲೆ ಕೈಹಾಕಿ, ಏನೋ ಕೇಳುವ ನೆಪದಲ್ಲಿ ಇನ್ನೊಂದು ದಿಕ್ಕಿಗೆ ತಿರುಗಿಸಿಕೊಂಡು ಹೋಗುತ್ತಾನೆ. ಅವನ ಲೆಕ್ಕಕ್ಕೆ ಅದೂ ಇರಲಿ.

ಕಾರ್ಖಾನೆ ಮತ್ತೆ ಶುರುವಾಗಿ ಇವತ್ತಿಗೆ ಆರು ವಾರ. ಪ್ರಯೋಗಾಲಯದ ಹಲಗೆಯ ಮೇಲೆ ದಿನಾ ಬರೆಯುವ ಸಂಖ್ಯೆಗಳಲ್ಲಿ ಟ್ರೈ ಎಂಬುದರ ಮುಂದೆ ನಾಲ್ಕು ಇದೆ. ನೂರಕ್ಕೆ ನಾಲ್ಕು. ಹದಿಮೂರು ವರ್ಷದಲ್ಲೇ ಇಷ್ಟು ಕಡಿಮೆ ಬಂದದ್ದು ಇದೇ ಮೊದಲು. ಮೇಲಿನವರು ಬಂದು ಕೈಕುಲುಕಿ, ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹಿಂದಿನ ಸಲದ ಫೋಟೋ ಸ್ವಾಗತ ಕೋಣೆಯ ಗೋಡೆಯಲ್ಲಿದೆ. ಅದರ ಎಡ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ, ಮುಂಗೈಗೆ ಬಟ್ಟೆಯ ಪಟ್ಟಿ ಸುತ್ತಿದ್ದು. ಅದು ಕಾಳಕ್ಕನದು. ಈ ಸಲದ ಫೋಟೋದಲ್ಲಿ ಅದೂ ಇಲ್ಲ.

ಆರು ವಾರದಿಂದ ಅವಳು ಮನೆಯಲ್ಲೇ ಇದ್ದಾಳೆ. ಗುತ್ತಿಗೆದಾರ ಮತ್ತೆ ಕರೆದಿಲ್ಲ. ಮತ್ತೆ ಕಾಳು ತುಂಬುವ ಹೊತ್ತಿಗೆ ಅವಳಿಗೆ ಅರವತ್ತು ದಾಟಿರುತ್ತದೆ. ಬೇಸರವಿದೆಯೇ ಎಂದರೆ ಹೌದು ಎನ್ನುತ್ತಾಳೆ, ಮುಚ್ಚುಮರೆಯಿಲ್ಲದೆ. "ಬಾಟಲಿ ತೊಳೆಯೋದು ಹೋಗಿದ್ದಕ್ಕೆ ಬೇಸರ ಇಲ್ಲ. ಆ ಸದ್ದು ಇಲ್ಲ ಅಂತ ಬೇಸರ. ಕೊಳವೆ ತುಂಬೋವಾಗ ಮೇಲ್ ಮೇಲಕ್ಕೆ ಬರುತ್ತಲ್ಲ, ಅದು. ಈಗ ಕೊಡಕ್ಕೆ ನೀರು ಬಿಟ್ಟಾಗ್ಲೂ ಕಿವಿ ಅಲ್ಲಿಗೇ ಹೋಗುತ್ತೆ." ಹೇಳದೇ ಇದ್ದಿದ್ದರೆ ಎಂಬ ಪ್ರಶ್ನೆಗೆ ಮಾತ್ರ ಅವಳು ತುಸು ಮುನಿಯುತ್ತಾಳೆ. "ತಪ್ಪು ಮಾಡಿದ್ದು ಗೊತ್ತಾಯ್ತು, ಹೇಳ್ದೆ. ಇದ್ರಲ್ಲಿ ಕೇಳೋದೇನಿದೆ?"

ಮಧ್ಯಾಹ್ನ ಮೂರು ಗಂಟೆ. ಬೆಳಗಿನ ಪಾಳಿ ಮುಗಿದಿದೆ. ಓಣಿಯ ತಿರುವಿನಲ್ಲಿ ಸೈಕಲ್ಲಿನ ಸರಪಳಿಯ ಕಟಕಟ ಕೇಳುತ್ತದೆ. ಗೋಡೆಗೆ ಸೈಕಲ್ ಒರಗಿಸಿ, ಚಪ್ಪಲಿ ಬಿಟ್ಟು, ಗಂಡ ಹೊಸ್ತಿಲ ಆಚೆ ನಿಲ್ಲುತ್ತಾನೆ. ಎತ್ತರದ ಆಳು, ತಲೆ ಪೂರ್ತಿ ಬೆಳ್ಳಗೆ. ಕೈಕಟ್ಟಿಕೊಂಡು, ಶಾಲೆಗೆ ತಡವಾಗಿ ಬಂದವನ ಹಾಗೆ ನಿಂತಿದ್ದಾನೆ.

ಕಾಳಕ್ಕ ಏಳುವಷ್ಟರಲ್ಲಿ ಮೊಮ್ಮಗಳು ಅವಳನ್ನು ದಾಟಿ ಓಡುತ್ತಾಳೆ. ತಾತನ ಮೊಣಕಾಲಿಗೆ ಮೂಗು ಒತ್ತಿ ಜೋರಾಗಿ ಉಸಿರೆಳೆಯುತ್ತಾಳೆ. ಎಲ್ಲರ ಮನೆಯಲ್ಲೂ ತಾತಂದಿರನ್ನು ಹೀಗೇ ಒಳಗೆ ಕರೆದುಕೊಳ್ಳುತ್ತಾರೆ ಎಂದೇ ಅವಳು ತಿಳಿದಿದ್ದಾಳೆ. ಹಣೆ ಸುಕ್ಕುಗಟ್ಟಿಸಿ ಸ್ವಲ್ಪ ಹೊತ್ತು ಯೋಚಿಸುತ್ತಾಳೆ. ಅಷ್ಟೂ ಹೊತ್ತು ಆ ಎತ್ತರದ ಮನುಷ್ಯ ಅಲ್ಲಾಡುವುದಿಲ್ಲ.

"ಬಾ," ಎಂದು ತೀರ್ಪು ಕೊಟ್ಟು, ಅವನ ಬೆರಳು ಹಿಡಿದು ಎಳೆಯುತ್ತಾಳೆ.

ಇನ್ನೇನು ಆಸೆ ಎಂದು ಕೇಳಿದರೆ ಕಾಳಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾಳೆ. "ದೊಡ್ಡ ಆಸೆ ಏನಿಲ್ಲ. ಇವರು ಒಂದ್ ದಿನ ಹೊಸ್ತಿಲ ಹತ್ರ ನಿಲ್ಲದೇ ಸೀದಾ ಒಳಗೆ ಬರ್ಬೇಕು. ತಮ್ಮ ಮನೆಗೆ ತಾವು ಬರೋ ಹಾಗೆ. ಮೂವತ್ತೊಂದು ವರ್ಷ ಆಯ್ತು. ಈಗ ವಾಸನೆ ಇಲ್ಲ ಅಂದ್ರೂ ಕೇಳಲ್ಲ."

ಒಳಗಿಂದ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡವನು ಉತ್ತರ ಕೊಡುತ್ತಾನೆ.

"ಇಲ್ಲ ಅಂತ ನನಗೂ ಗೊತ್ತು ಮಾರಾಯ್ತಿ. ಹಲಗೆ ಮೇಲೆ ನಾಲ್ಕು ಅಂತ ದಿನಾ ಓದ್ತೀನಿ. ಸೀದಾ ಬಂದ್ಬಿಟ್ರೆ ಇವಳು 'ಬಾ' ಅನ್ನೋದು ತಪ್ಪಿಹೋಗುತ್ತಲ್ಲ."

ಕಾಳಕ್ಕ ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತಾಳೆ.

"ಹಾಗಾದ್ರೆ ನಿಲ್ಲಿ," ಎನ್ನುತ್ತಾಳೆ. "ದಿನಾ ನಿಲ್ಲಿ."